ಸೊಲ್ಲಾಪುರದಲ್ಲಿ ನಮ್ಮವರು

ಖಾಲಾ ಅವರ ಬಲಗೈ ತೋರುಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ದಿನಕ್ಕೆ ನಾಲ್ಕು ಸಲ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವ ಬೆರಳು ಅದು. ತಿಕ್ಕಲು ಬಾಯಲ್ಲಿ ಉಳಿದಿದ್ದುದಾದರೂ ಏನು, ಆರೋ ಏಳೋ ಹಲ್ಲು. ನಕ್ಕರೆ ಅವು ಕಾಣುತ್ತವೆಂದು ಸೆರಗು ಅಡ್ಡ ಹಿಡಿಯುತ್ತಿದ್ದರು, ನಗುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಅಫಜಲಪುರದಲ್ಲಿ ನಾನು ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಆಳಂದದವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮದುವೆಯಾಗದೆ ಉಳಿದವಳು. ಅವರು ಗಂಡ ತೀರಿಕೊಂಡ ಮೇಲೆ ಜಂಪರ್ ಹೊಲಿದು ಬದುಕುತ್ತಿದ್ದವರು. ಮಕ್ಕಳಿರಲಿಲ್ಲ. ಖಾಲಾ ಎಂದರೆ ಚಿಕ್ಕಮ್ಮ. ಓಣಿಗೆಲ್ಲ ಅವರು ಖಾಲಾನೇ. ಅವರ ಹೊಲಿಗೆ ಯಂತ್ರ ನಿಂತರೆ ನನ್ನ ಮನೆಯಲ್ಲಿ ಸದ್ದೆಂಬುದೇ ಇರುತ್ತಿರಲಿಲ್ಲ.

ಸಂಜೆ ಗೋಡೆಯಾಚೆಯಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. “ಏನ್ ಬೇ ಟೀಚರ್, ಉಂಡಿಯೇನು?”

“ಹೂಂ, ಉಂಡೇನ್ರಿ ಖಾಲಾ.”

“ಸುಳ್ಳ ಹೇಳಬ್ಯಾಡ. ಒಗ್ಗರಣಿ ವಾಸನಿನೇ ಬಂದಿಲ್ಲ.”

ಹತ್ತು ನಿಮಿಷಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಗೋಡೆ ಸುತ್ತಿ ಬಂದುಬಿಡುತ್ತಿದ್ದವು. ಒಬ್ಬಳಿಗಾಗಿ ಒಲೆ ಹೊತ್ತಿಸಲು ಬೇಸರವೆಂದು ನಾನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಲವತ್ತರ ಹತ್ತಿರ ನನಗೆ ದವಡೆ ನೋವು ಶುರುವಾಯಿತು. ಹಲ್ಲು ಕಚ್ಚಿಕೊಂಡು ಸಹಿಸಿಕೋ ಎಂಬ ಮಾತು ಹುಟ್ಟಿಸಿದವರಿಗೆ ಹಲ್ಲುನೋವು ಬಂದಿರಲಿಕ್ಕಿಲ್ಲ. ಊರಿನ ಹಲ್ಲಿನ ಡಾಕ್ಟರು ಎಕ್ಸ್‌ರೇ ತೋರಿಸಿದರು. ಕೆಳಗಿನ ಎರಡೂ ಬುದ್ಧಿಹಲ್ಲು ಮೇಲೆ ಬರಲು ಜಾಗವಿಲ್ಲದೆ ವಸಡಿನೊಳಗೇ ಅಡ್ಡ ಮಲಗಿದ್ದವು. “ನರಕ್ಕ ಭಾಳ ಹತ್ತಿರ ಅದಾವ್ರಿ ಮೇಡಂ, ಇಲ್ಲಿ ಆಗೂದಲ್ಲ. ಕಲಬುರಗಿಗೆ ಹೋಗ್ರಿ, ಇಲ್ಲಾಂದ್ರ ಸೊಲ್ಲಾಪುರಕ್ಕ. ಜೋಡಿ ಯಾರನ್ನರ ಕರಕೊಂಡು ಹೋಗ್ರಿ,” ಎಂದರು. ಆ ಕೊನೆಯ ಮಾತು ಹಲ್ಲಿಗಿಂತ ಹೆಚ್ಚು ನೋಯಿಸಿತು.

ಗಣಿತದವಳಲ್ಲವೇ, ಹಾಳೆಯ ಮೇಲೆ ಗೆರೆ ಹೊಡೆದು ಕೋಷ್ಟಕ ಮಾಡಿದೆ. ಎಷ್ಟು ದೂರ, ಡಾಕ್ಟರು ಏನು ಓದಿದ್ದಾರೆ, ಇಂಥ ಹಲ್ಲು ಎಷ್ಟು ತೆಗೆದಿದ್ದಾರೆ, ಬಸ್ಸು ಯಾವಾಗ. ಖಾಲಾ ಹಾಳೆಯನ್ನು ಒಂದು ಕ್ಷಣ ನೋಡಿದರು.

“ಬುದ್ಧಿಹಲ್ಲಂತ, ಅಕಲ್ ದಾಢ! ಈಗ ಅಕಲ್ ಬರಾಕತ್ತದೇನು ನಿನಗ? ಅದಿರ್ಲಿ, ಇದ್ರಾಗ ನಿನ್ನ ಮಂದಿ ಎಲ್ಲಿ ಅದಾರಂತ ಬರದೇ ಇಲ್ಲಲ್ಲ.”

ನಮ್ಮ ಕಡೆ ದವಾಖಾನೆ ಆರಿಸುವ ರೀತಿಯೇ ಅದು. ಡಾಕ್ಟರು ಎಂಥವರೆಂಬುದು ಆಮೇಲೆ. ಆ ಊರಲ್ಲಿ ಬುತ್ತಿ ತರುವವರು ಯಾರು, ಬಾಗಿಲ ಹೊರಗೆ ಕೂಡುವವರು ಯಾರು ಎಂಬುದು ಮೊದಲು. ಸೊಸೆಯ ತವರು ವಿಜಯಪುರವಾದರೆ ಮಾವನ ಕಣ್ಣಿನ ಪೊರೆಯೂ ವಿಜಯಪುರದಲ್ಲೇ ಹೋಗಬೇಕು. ಇದನ್ನು ನಾನು ತಮಾಷೆ ಮಾಡಿದರೆ ಖಾಲಾ ಒಪ್ಪುತ್ತಿರಲಿಲ್ಲ. “ಡಾಕ್ಟರ್ ಹಲ್ಲ ತಗೀತಾನ ಬೇ, ಗಂಜಿ ಕಾಸಿ ಕೊಡ್ತಾನೇನು?”

ಅವರ ಲೆಕ್ಕದಲ್ಲಿ ಕಲಬುರಗಿಯೇ ಸರಿ. ಅಲ್ಲಿ ನನ್ನ ಅಣ್ಣನಿದ್ದ. ಅವ್ವನ ಬೇನೆ ಜೋರಾದಾಗ ನನಗೆ ಹೇಳಿ ಕಳಿಸಲಿಲ್ಲವೆಂದು ನಾನು, ನಾನಾಗಿಯೇ ಬಂದು ನೋಡಲಿಲ್ಲವೆಂದು ಅವನು; ನಾಲ್ಕು ವರ್ಷದಿಂದ ಮಾತಿರಲಿಲ್ಲ. ಅವನಿರುವ ಊರಲ್ಲಿ ಒಬ್ಬಳೇ ದವಾಖಾನೆಯ ಬೆಂಚಿನ ಮೇಲೆ ಕೂತಿರುವುದನ್ನು ನೆನೆಸಿಕೊಂಡರೇ ಮೈ ಉರಿಯುತ್ತಿತ್ತು. “ಹಲ್ಲ ಕೊಳತು ಹೋದ್ರೂ ಕಲಬುರಗಿಗೆ ಹೋಗಂಗಿಲ್ರಿ,” ಎಂದೆ.

ಮರುದಿನ ಬೆಳಿಗ್ಗೆ ಖಾಲಾ ಬಾಗಿಲಿಗೇ ಬಂದರು. “ಸೊಲ್ಲಾಪುರಕ್ಕ ಹೋಗೂಣು. ನನ್ನ ತಂಗಿ ಮಗಳು ಅಲ್ಲೇ ಅದಾಳ, ದವಾಖಾನಿಗೆ ಸಮೀಪ.”

“ನೀವ್ಯಾಕ ತ್ರಾಸ ತಗೋತೀರಿ ಖಾಲಾ? ನಾ ಒಬ್ಬಾಕಿನೇ ಹೋಗಿ ಬರ್ತೇನಿ.”

“ನಿನ್ನ ಸಲುವಾಗಿ ಯಾರು ಹೊಂಟಾರ ಬೇ? ನಾ ಆಕಿನ್ನ ನೋಡಾಕ ಹೊಂಟೇನಿ. ಹಾದ್ಯಾಗ ನಿನ್ನ ಹಲ್ಲು.”

ದವಾಖಾನೆಯಲ್ಲಿ ಫಾರ್ಮು ತುಂಬುವವನು ಜೊತೆಗೆ ಬಂದವರು ಏನಾಗಬೇಕು ಎಂದು ಕೇಳಿದ. “ಚಿಕ್ಕಮ್ಮ ಅಂತ ಬರೀರಿ,” ಎಂದರು ಖಾಲಾ. ಅವನು ನನ್ನ ಹೆಸರು ನೋಡಿದ, ಅವರ ಬುರ್ಖಾ ನೋಡಿದ. “ಏನ್ ನೋಡ್ತೀರಿ? ಪೆನ್ನಿನ್ಯಾಗ ಶಾಯಿ ಇಲ್ಲೇನು?” ಎಂದು ಖಾಲಾ ಗದರಿದ ಮೇಲೆ ಬರೆದ.

ಎರಡೂ ಹಲ್ಲು ಒಂದೇ ಸಲಕ್ಕೆ ತೆಗೆದರು. ರಕ್ತ ಬೇಗ ನಿಲ್ಲಲಿಲ್ಲವಾದ್ದರಿಂದ ಸಂಜೆಯ ತನಕ ಇರಿಸಿಕೊಂಡರು. ಬಾಯಿತುಂಬ ಹತ್ತಿ, ತುಟಿ ನನ್ನದೋ ಬೇರೆಯವರದೋ ತಿಳಿಯದು. ಖಾಲಾ “ಈಗ ಬಂದೆ” ಎಂದು ಹೋದವರು ಒಂದೂವರೆ ತಾಸು ಬರಲಿಲ್ಲ. ಆ ಒಂದೂವರೆ ತಾಸು ಬಾಗಿಲನ್ನೇ ನೋಡುತ್ತ ಮಲಗಿದ್ದೆ. ಪಕ್ಕದ ಹಾಸಿಗೆಯ ಹುಡುಗಿಯ ಸುತ್ತ ಆರು ಜನ ಇದ್ದರು.

ಬಂದಾಗ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ. ಬಿಸಿಯದು ಕೊಡಬಾರದೆಂದು ಡಾಕ್ಟರು ಹೇಳಿದ್ದರಿಂದ ಗಂಜಿಯನ್ನು ಆರಿಸಿಯೇ ತಂದಿದ್ದರು. ಹತ್ತಿ ತೆಗೆದ ಮೇಲೆ ಚಮಚದಿಂದ ಒಂದೊಂದೇ ಗುಟುಕು ಕುಡಿಸಿದರು. “ನನ್ನ ತಂಗಿ ಮಗಳು ಕಾಸಿ ಕೊಟ್ಟಾಳ. ಬರಾಕ ಆಕಿಗೆ ಪುರಸೊತ್ತಿಲ್ಲ.” ಹೊರಡುವ ಮುಂಚೆ ಡಬ್ಬಿ ಕೊಟ್ಟು ಬರುತ್ತೇನೆಂದು ಮತ್ತೆ ಓಡಿದರು.

ಮಾತು ಬಂದ ಮೇಲೆ ನಾನು ಆಡಿದ ಮೊದಲ ಮಾತು ಆ ಹೆಣ್ಣುಮಗಳ ಮೇಲಿನ ದೂರು. ಅಷ್ಟು ಹತ್ತಿರವಿದ್ದು ಸ್ವಂತ ಖಾಲಾ ಬಂದರೂ ಮುಖ ತೋರಿಸಬಾರದೇ? ಖಾಲಾ ಸೆರಗು ಅಡ್ಡ ಹಿಡಿದು ನಕ್ಕರು. “ದೊಡ್ಡೂರ ಮಂದಿ ಹಂಗ ಬೇ.”

ಅದಾಗಿ ಎರಡು ವರ್ಷಕ್ಕೆ, ಕಳೆದ ವರ್ಷ, ನನಗೆ ಯಡ್ರಾಮಿಗೆ ವರ್ಗವಾಯಿತು. ಸಂಜೆಯ ಪ್ರಶ್ನೆ ಫೋನಿನಲ್ಲಿ ಬರತೊಡಗಿತು. ಒಗ್ಗರಣೆಯ ವಾಸನೆ ಫೋನಿನಲ್ಲಿ ಹೋಗದಲ್ಲ, ನಾನು ಧೈರ್ಯವಾಗಿ ಸುಳ್ಳು ಹೇಳತೊಡಗಿದೆ.

ಒಂದು ಬೆಳಿಗ್ಗೆ ಓಣಿಯ ಕಿರಾಣಿ ಅಂಗಡಿಯವರು ಫೋನ್ ಮಾಡಿದರು. ಹಿಂದಿನ ದಿನ ಮಧ್ಯಾಹ್ನ ಖಾಲಾಗೆ ಎದೆನೋವು ಬಂದಿತ್ತಂತೆ. ಯಾರನ್ನೂ ಕರೆಯದೆ, ಮನೆಗೆ ಕೀಲಿ ಹಾಕಿ, ಒಬ್ಬರೇ ಆಟೋ ಹತ್ತಿ ದವಾಖಾನೆಗೆ ಹೋದರಂತೆ. ಅಲ್ಲಿಯೇ ತೀರಿಕೊಂಡರು. ನಾನು ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಅಫಜಲಪುರ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ಖಾಲಾ ಅವರ ತಂಗಿಯ ಮಗಳು ಬಂದಿದ್ದಳು. ಹಳೆಯ ಮುನಿಸನ್ನು ನುಂಗಿಕೊಂಡು, ಅಂದು ಸೊಲ್ಲಾಪುರದಲ್ಲಿ ನನಗಾಗಿ ಗಂಜಿ ಕಾಸಿಕೊಟ್ಟಿದ್ದಕ್ಕೆ ನಿಮ್ಮ ಉಪಕಾರ ದೊಡ್ಡದು ಎಂದೆ.

ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು. “ಯಾವ ಗಂಜಿರಿ? ನಾವು ಸೊಲ್ಲಾಪುರ ಬಿಟ್ಟು ಪುಣೆಗೆ ಹೋಗಿ ಏಳು ವರ್ಷ ಆತು. ಖಾಲಾನೇ ಬಂದು ಸಾಮಾನು ಕಟ್ಟಿಸಿ ಕಳಿಸಿದ್ರು. ಈಗ ಅಲ್ಲಿ ನಮ್ಮವ್ರು ಯಾರೂ ಇಲ್ಲ.”

ತಮ್ಮವರಿಲ್ಲದ ಆ ಊರಲ್ಲಿ ಒಂದೂವರೆ ತಾಸು ಎಷ್ಟು ಬಾಗಿಲು ತಟ್ಟಿದರೋ, ಯಾರ ಮನೆಯ ಅಕ್ಕಿ ಕೇಳಿದರೋ, ಯಾರ ಒಲೆಯ ಮುಂದೆ ಕೂತರೋ. ನನ್ನ ಮಂದಿ ಎಲ್ಲೂ ಇಲ್ಲವೆಂಬುದು ನನಗೆ ಗೊತ್ತಾಗಬಾರದೆಂದು ಅವರು ಅಷ್ಟೆಲ್ಲ ಮಾಡಿದ್ದರು. ಅವರು ಎದೆನೋವೆಂದು ದವಾಖಾನೆಗೆ ಹೋದ ಮಧ್ಯಾಹ್ನ ಬಾಗಿಲ ಹೊರಗೆ ಯಾರೂ ಇರಲಿಲ್ಲ. ನಾನೂ ಇರಲಿಲ್ಲ.