ಚಾಕುವಿನ ಹರಿತಕ್ಕೆ ನನ್ನ ತಲೆಗೂದಲು

ಐನಾಪುರದ ಸಂತೆಯಲ್ಲಿ ಇಂದು ಮಡಚುವ ಚಾಕುಗಳ ಎಣ್ಣೆ ವಾಸನೆ ಬಡಿಯುತ್ತಲೇ ಅಜ್ಜ ನೆನಪಾದ. ನಾನು ಚಿಕ್ಕವನಿದ್ದಾಗ ಕಬ್ಬು ಸುಲಿಯಲು ಚಾಕು ಕೊಡಿಸುತ್ತೇನೆಂದು ನನ್ನನ್ನು ಇಲ್ಲಿಗೇ ಕರೆತಂದಿದ್ದ. ಪ್ರತಿ ಅಂಗಡಿಯಲ್ಲೂ ಅಲಗು ಬಿಚ್ಚಿ ಅಲ್ಲಾಡಿಸುತ್ತಿದ್ದ, ಮಡಚಿ ‘ಖಟ್’ ಸಪ್ಪಳ ಕೇಳುತ್ತಿದ್ದ, ಮುಂಗೈ ಕೂದಲು ಬೋಳಿಸಿ ಹರಿತ ನೋಡುತ್ತಿದ್ದ. ಒಂದೂ ಒಪ್ಪಲಿಲ್ಲ. ಕೊನೆಯ ಅಂಗಡಿಗೆ ಬರುವಷ್ಟರಲ್ಲಿ ಅವನ ಎರಡೂ ಕೈ ನುಣ್ಣಗಾಗಿದ್ದವು.

“ಇನ್ನ ಹೆಂಗ ನೋಡೂದಲೇ? ನಡಿ ಮನಿಗೆ,” ಎಂದ ಅಜ್ಜ.

ಚಾಕು ಕೈತಪ್ಪುವುದೆಂದು ನಾನು ತಟ್ಟನೆ ತಲೆ ಬಾಗಿಸಿದೆ. “ನನ್ನ ತಲಿ ಐತಲ್ಲ ಅಜ್ಜಾ!”

ಅಂಗಡಿಯ ಚಾಚಾ ನಕ್ಕುಬಿಟ್ಟ. “ಅಲ್ರಿ ಗೌಡ್ರ, ಚಾಕೂ ಕೊಳ್ಳಾಕ ಬಂದೀರೋ, ಹುಡುಗನ ತಲಿ ಬೋಳ್ಸಿ ಜವಳಾ ಮಾಡ್ಸಾಕ ಬಂದೀರೋ?”

ಒಂದು ಜುಟ್ಟು ಹೋಯಿತು, ಚಾಕು ಬಂತು. ವಾರವಿಡೀ ಶಾಲೆಯಲ್ಲಿ ಮೆರೆದೆ. ಇಂದಿಗೂ ಕಾಗವಾಡ ತಾಲೂಕಿನಲ್ಲಿ ನನ್ನಂತೆ ಚಾಕು ಪರೀಕ್ಷಿಸಬಲ್ಲ ಪಾರಖಿ ಇಲ್ಲ.

ಇಂದು ನನ್ನೊಡನೆ ಸಂತೆಗೆ ಬಂದಿದ್ದ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿ ಒಂದು ಚಾಕು ಎತ್ತಿಕೊಂಡೆ. ಅವಳು ಎರಡೂ ಜಡೆ ಗಟ್ಟಿಯಾಗಿ ಹಿಡಿದುಕೊಂಡು ಹಿಂದೆ ಸರಿದಳು.