ಝಳಕಿ ಮಡ್ಡಿಯ ಹೆಸರಿಲ್ಲದ ಗಿಡ

ಜೈನುದ್ದೀನ ಬಾಗವಾನ ಈ ಜೂನಿನ ಒಂದು ಗುರುವಾರ ತೀರಿಕೊಂಡರು. ಝಳಕಿಯಿಂದ ಇಂಡಿ ಪಟ್ಟಣದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ತಮ್ಮದೇ ಕಾರಿನಲ್ಲಿ, ಹೃದಯ ನಿಂತು. ಸಿಂದಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅವರು ಹೆಸರಿಡಲು ಹೊರಟಿದ್ದ ಗಿಡಕ್ಕೆ ಇವತ್ತಿಗೂ ಹೆಸರಿಲ್ಲ.

ಇಂಡಿಯ ಅವರ ಮನೆಯೆಂದರೆ ನಿಂಬೆಹಣ್ಣಿನ ಮನೆ. ತಂದೆ ಖಾಜಾಸಾಬ ಮಾರುಕಟ್ಟೆಯಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಹಣ್ಣು ಆರಿಸುತ್ತಿದ್ದರು. ದಪ್ಪನೆಯವು ಒಂದು ಗುಡ್ಡೆ, ನಡುತರದವು ಒಂದು, ಗೋಲಿಯಂಥವು ಇನ್ನೊಂದು. ಕೈ ತನ್ನ ಪಾಡಿಗೆ ಆರಿಸುತ್ತಿತ್ತು, ಕಣ್ಣು ಗಿರಾಕಿಯ ಮೇಲಿರುತ್ತಿತ್ತು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಜೈನುದ್ದೀನ ಮೊದಲ ದಿನ ಇದನ್ನೇ ಹೇಳುತ್ತಿದ್ದರು: "ನಮ್ಮಪ್ಪ ಮಾಡತಿದ್ದದ್ದು ವರ್ಗೀಕರಣ ಅಲ್ಲ. ಒಂದ ಗಿಡದ ಹಣ್ಣು ಮೂರು ಗುಡ್ಡಿ ಆಗತಿದ್ದವು. ನಮ್ಮದು ಉಲ್ಟಾ ಕೆಲಸ. ಬ್ಯಾರೆ ಬ್ಯಾರೆ ಕಾಣೂವು ಒಂದ ತಾಯಿ ಮಕ್ಕಳೇನು, ಒಂದ ಥರ ಕಾಣೂವು ಬ್ಯಾರೆ ಮನಿಯವೇನು, ಅದನ್ನ ಕೇಳೂದು."

ಹಾಗೆ ಕೇಳಿಸಿಕೊಂಡವರಲ್ಲಿ ರಾಜಶ್ರೀ ಬಿರಾದಾರ ಒಬ್ಬಳು. ಓದು ಮುಗಿಸಿ ಮುದ್ದೇಬಿಹಾಳದಲ್ಲಿ ಅತಿಥಿ ಉಪನ್ಯಾಸಕಿಯಾದಳು. ವರ್ಷವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಕಾಯುವಿಕೆ. ರಜೆ ಸಿಕ್ಕರೆ ಗುರುಗಳ ಜೊತೆ ಮಡ್ಡಿ ಅಲೆಯುವುದು. ಝಳಕಿಯ ಆಚೆ, ಹೆದ್ದಾರಿಗೆ ಹತ್ತಿದ ಬರಡು ಕಲ್ಲುಗುಡ್ಡದ ಮಡ್ಡಿಯ ಮೇಲೆ, ಆ ಹೂವನ್ನು ಮೊದಲು ಕಂಡವಳು ಅವಳೇ. ಜೂನಿನ ಮಿರಗದ ಮಳೆ ಬಿದ್ದ ಮೇಲೆ ಎಲೆಯಿಲ್ಲದೆ ನೆಲದಿಂದ ನೇರ ಏಳುವ ಗೇಣುದ್ದದ ಕಡ್ಡಿ. ತುದಿಗೆ ನೇರಳೆ ಬಣ್ಣದ, ಹಳಸಿದ ಸಾರಿನ ವಾಸನೆಯ ಪುಟ್ಟ ಹೂವು. ಒಂದೇ ವಾರ. ಆಮೇಲೆ ಬಾಡಿ ಮಾಯ.

ಎಲೆ ಮತ್ತು ಕಾಯಿ ಮಳೆಗಾಲದ ಕೊನೆಗೆ ಬರುತ್ತವೆ, ಇಂಥ ಗಡ್ಡೆಗಿಡಗಳ ರೀತಿಯೇ ಅದು. ಆದ್ದರಿಂದ ಹೂವು ಕೊಯ್ದಲ್ಲಿ ಗುರುತಿಗೆ ಕಲ್ಲಿನ ಸಣ್ಣ ಗುಪ್ಪೆ ಮಾಡಿ ಬಂದರು. ಮಳೆ ಹಿಂದಾದ ಮೇಲೆ ಹೋಗಿ ಗುಪ್ಪೆಯ ಪಕ್ಕದಲ್ಲೇ ನಿಂತಿದ್ದ, ಎಲೆ ಕಾಯಿ ಹೊತ್ತ ಗಿಡವನ್ನು ಕೊಯ್ದು ತಂದರು. ಎರಡು ಸಲವೂ ನೆಲದ ಮೇಲೆಯೇ ಕತ್ತರಿಸಿದರು. ಗಿಡಗಳೇ ಕಡಿಮೆ, ಗಡ್ಡೆ ಕಿತ್ತರೆ ವಂಶವೇ ಹೋದೀತು ಎಂಬ ಕರುಣೆ. ಹೂವು, ಎಲೆ, ಕಾಯಿ ಒಂದೇ ಹಾಳೆಯ ಮೇಲೆ ಒಣಗಿ ಕೂತವು.

ಹೆಸರಿಡುವವರ ಲೋಕದಲ್ಲಿ ಆ ಹಾಳೆಯೇ ಎಲ್ಲ. ಹೊಸ ಜಾತಿಯ ಹೆಸರು ಪ್ರಪಂಚದಲ್ಲಿ ಎಲ್ಲೂ ತೇಲುತ್ತಿರುವುದಿಲ್ಲ. ಅದನ್ನು ಒಂದೇ ಒಂದು ಒಣ ಮಾದರಿಗೆ ಕಟ್ಟಿರುತ್ತಾರೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಅವರು ಬಂದು ನೋಡುವುದು ಆ ಮಾದರಿಯನ್ನೇ. ಹೆಸರಿನ ಬೆನ್ನಿಗೆ ಅದನ್ನಿಟ್ಟವರ ಹೆಸರೂ ಅಚ್ಚಾಗುತ್ತದೆ. ಜೈನುದ್ದೀನ ರಾಜಶ್ರೀಯ ಹೆಸರನ್ನು ಮೊದಲು ಹಾಕಿದ್ದರು.

ಗಿಡಕ್ಕೆ ಯಾವ ಹೆಸರು ಎಂದು ಒಂದಿಡೀ ಸಂಜೆ ಮಾತಾಗಿತ್ತು. "ಇಂಡಿ ಹೆಸರ ಇಡೂಣ್ರಿ ಸರ್" ಎಂದಿದ್ದಳು. "ಇಟ್ಟರ ಜಗತ್ತೆಲ್ಲಾ ಇಂಡಿಯಾ ಅಂತ ಓದತೈತಿ. ನಮ್ಮ ಇಂಡಿ ಮತ್ತ ಮೂಲ್ಯಾಗ ಕುಂದರತೈತಿ," ಎಂದು ನಕ್ಕು ಝಳಕಿಯ ಹೆಸರಿಗೇ ಲ್ಯಾಟಿನ್ ಬಾಲ ಹಚ್ಚಿದ್ದರು. ಸಂಶೋಧನಾ ಪತ್ರಿಕೆಯವರು ಲೇಖನ ಒಪ್ಪಿದರು. ಅಚ್ಚಿಗೆ ಮುಂಚಿನ ಪ್ರತಿ ಬಂತು. ತಿದ್ದಿ ಕಳಿಸಲು ಗುರುವಾರ ಸಂಜೆ ಕಡೆಯ ಗಡುವು.

ಬುಧವಾರ ಆ ಪ್ರತಿಯಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದ ಜೈನುದ್ದೀನ ಎರಡು ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟರು. ಹೂವಿನ ಕಡ್ಡಿ ನುಣುಪು. ಕಾಯಿಯ ಕಡ್ಡಿಯ ತುಂಬ ಸಣ್ಣ ರೋಮ. ಒಂದೇ ಗಿಡಕ್ಕೆ ವಯಸ್ಸಾದ ಮೇಲೆ ರೋಮ ಬರಬಹುದು. ಬರದೆಯೂ ಇರಬಹುದು. ರಾಜಶ್ರೀಗೆ ಫೋನು ಮಾಡಿದರು. "ಮುಂಜಾನೆ ಬಾ. ಗಡ್ಡಿ ನೋಡಬೇಕು."

ಹೋದ ಚಳಿಗಾಲದಲ್ಲಿ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ಹೆಂಡತಿ ಸುಗ್ರಾ ಕಾರಿನ ಕೀಲಿಯನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ರಾಜಶ್ರೀಗೆ ಕೊಡುತ್ತ ಅಂದರು: "ಬಿಸಲಾಗ ಅಡ್ಡಾಡಾಕ ಬಿಡಬ್ಯಾಡವಾ. ಹೂವು ಕಂಡ್ರ ಇವರಿಗೆ ಊಟದ ನೆನಪ ಇರೂದಿಲ್ಲ, ಗುಳಗಿ ನೆನಪು ಎಲ್ಲಿಂದ ಬರಬೇಕು?"

ಝಳಕಿ ಮುಟ್ಟಿದಾಗ ಮಡ್ಡಿ ಅರ್ಧ ಇರಲಿಲ್ಲ. ರಸ್ತೆ ಕೆಲಸಕ್ಕೆ ಗರಸು ಮಣ್ಣು ಬೇಕೆಂದು ಜೆಸಿಬಿ ಅದನ್ನು ತಿನ್ನುತ್ತಿತ್ತು. ಕಲ್ಲಿನ ಗುಪ್ಪೆ ಇದ್ದ ಜಾಗ ಅಂಚಿಗೆ ಬಂದು ನಿಂತಿತ್ತು. ರಾಜಶ್ರೀ ಕೈ ಬೀಸುತ್ತ ಯಂತ್ರದ ಮುಂದೆಯೇ ಓಡಿದಳು. ಚಾಲಕ ಸೋಮನಿಂಗ ತಲೆ ಹೊರಗೆ ಹಾಕಿದ.

"ಏನ್ ಬಾಯೀ, ಸಾಯಾಕ ಬಂದೀಯೇನು?"

"ಅಣ್ಣಾ, ಸ್ವಲ್ಪ ನಿಂದ್ರಸು. ಒಂದ ಗಡ್ಡಿ ತಕ್ಕೋಬೇಕು."

"ಗಡ್ಡಿ? ಸಂತ್ಯಾಗ ಬಟಾಟಿ ಸಿಗೂದಿಲ್ಲೇನು?" ಹಿಂದೆ ಏದುಸಿರು ಬಿಡುತ್ತ ಬಂದ ಜೈನುದ್ದೀನರನ್ನು ನೋಡಿ ಅವನ ದನಿ ತಗ್ಗಿತು. "ಲಾರಿ ತುಂಬಾಕ ನಿಂತಾವ್ರಿ ಮಾಸ್ತರ. ಮುಕಾದಮ ಬಂದ್ರ ನನ್ನ ತೊಗಲ ಸುಲಿತಾನ. ನಾ ರೊಟ್ಟಿ ತಿಂದು ಬರೂದ್ರಾಗ ಮುಗಸ್ರಿ. ಆಮ್ಯಾಲ ನೀವ ಅಡ್ಡ ಮಲಗಿದ್ರೂ ಬಕೆಟ್ ಬೀಳೂದ."

ಗುಪ್ಪೆಯ ಬಳಿ ಹೂವಿತ್ತು. ಅದರಿಂದ ಒಂದು ಮೊಳ ಆಚೆ, ಹೋದ ವರ್ಷ ಅದೇ ಗಿಡದಲ್ಲಿ ಕೊಯ್ಯದೆ ಬಿಟ್ಟಿದ್ದ ಒಣ ಕಡ್ಡಿಯೊಂದು, ಬಿರಿದ ಜೋಡಿ ಕಾಯಿಯ ಸಿಪ್ಪೆ ಹಿಡಿದುಕೊಂಡು ಇನ್ನೂ ನಿಂತಿತ್ತು. ಎರಡರ ಬುಡದಲ್ಲೂ ಒಂದೇ ಥರದ ಗಡ್ಡೆ ಸಿಕ್ಕರೆ ಎಲ್ಲ ಸರಿ. ಜೈನುದ್ದೀನ ಮಂಡಿಯೂರಿ ಸಣ್ಣ ಗುದ್ದಲಿಯಿಂದ ಕೆದರತೊಡಗಿದರು.

"ಕೊಡ್ರಿ ಸರ್, ನಾ ಅಗೀತೇನಿ."

"ನೀ ಆ ಕಡ್ಡಿ ಬುಡ ಅಗಿ. ಸಾವಕಾಶ. ಬೇರು ಹರಿದ್ರ ಬಂದದ್ದು ದಂಡ."

ನೆಲ ಕಲ್ಲು. ಮಳೆಯ ತೇವ ಬೆರಳುದ್ದಕ್ಕೆ ಮುಗಿದಿತ್ತು. ಕೆಳಗೆ ಸೋಮನಿಂಗ ರೊಟ್ಟಿ ಗಂಟು ಬಿಚ್ಚುವುದು ಕಾಣುತ್ತಿತ್ತು, ಲಾರಿಯವನೊಬ್ಬ ಹಾರ್ನ್ ಒತ್ತುತ್ತಲೇ ಇದ್ದ. ರಾಜಶ್ರೀಯ ಕಡ್ಡಿಯ ಬುಡದಲ್ಲಿ ಮೊದಲು ಬಿಳಿ ಬೇರು ಕಂಡಿತು. ಗಡ್ಡೆಯಲ್ಲ. ಸಜ್ಜೆಯ ತೆನೆಯಂಥ ದಪ್ಪ ಬೇರುಗಳ ಗೊಂಚಲು. ಅವಳ ಕೈ ನಿಂತಿತು. ಅದು ಈ ಸೀಮೆಯಲ್ಲೆಲ್ಲ ಬೆಳೆಯುವ, ಎಂದೋ ಹೆಸರು ಪಡೆದ ಗಿಡ. ಹೋದ ವರ್ಷವೇ ಬೇರು ಕಂಡಿದ್ದರೆ ಅವಳೇ ಗುರುತಿಸುತ್ತಿದ್ದಳು.

ಜೈನುದ್ದೀನರ ಅಂಗೈಯಲ್ಲಿ ಹೂವಿನ ಗಡ್ಡೆ ಬಂದು ಕೂತಿತ್ತು. ದುಂಡಗೆ, ಚಪ್ಪಟೆ, ಚಿಕ್ಕ ಬಿಲ್ಲೆಯಂತೆ.

ಎರಡು ಗಿಡ, ಒಂದು ಹಾಳೆ, ಒಂದು ಹೆಸರು. ತಲೆ ಒಬ್ಬನದು, ಮುಂಡ ಇನ್ನೊಬ್ಬನದು.

"ಎಲಿ, ಕಾಯಿ ತಗದು ಬರೀ ಹೂವಿನ ಮ್ಯಾಲ ಪ್ರಿಂಟ್ ಮಾಡಸೂಣ್ರಿ," ಎಂದಳು ರಾಜಶ್ರೀ.

"ಮಾದರಿ ಹಾಳಿ?"

"ಅದರಾಗ ಹೂ ಐತೆಲ್ರಿ. ಯಾರ್ ನೋಡತಾರ? ಮುಂದಿನ ತಿಂಗಳ ನನ್ನ ಇಂಟರ್ವ್ಯೂ ಐತ್ರಿ ಸರ್. ಈಗ ಬಿಟ್ರ ಬ್ಯಾರೇದವರು ಮೊದಲ ಹೆಸರಿಡತಾರ. ಗಿಡಾ ಕಂಡಾಕಿ ನಾನು."

"ನೀನ ಕಂಡಿ. ಎಲಿ ನೋಡೀಯೇನು? ಎಲಿ ನೋಡದ ಇದು ಹೊಸಾದು ಅಂತ ಹೆಂಗ ಹೇಳ್ತಿ?" ಅವರ ದನಿ ಏರಲಿಲ್ಲ. "ನಿನ್ನ ಹೆಸರ ಮೊದಲೈತಿ. ಪೇಪರ್ ಹಿಂದಕ್ಕ ತಗೋಳೂದು, ಬಿಡೂದು ನಿನ್ನ ಕೈಯಾಗ. ನಾ ಜುಲುಮಿ ಮಾಡೂದಿಲ್ಲ."

ಅವಳಿಗೆ ಸಿಟ್ಟು ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ನಿಮಗೇನ್ರಿ, ನೌಕರಿ ಪಕ್ಕಾ ಐತಿ," ಎಂದಳು. ನೋಡಿದರೆ ಅವರು ಗಡ್ಡೆಯನ್ನು ದಿಟ್ಟಿಸುತ್ತಿದ್ದರು.

"ಚಪ್ಪಟ ಗಡ್ಡಿ," ಎಂದರು ತಮ್ಮಷ್ಟಕ್ಕೆ. "ಸೊಲ್ಲಾಪುರದ ಕಾಲೇಜಿನ ಸುಧೀರ ಕುಂಡ್ಯಾಗ ಹಚ್ಚಿದ್ದು ಇಂಥಾದ್ದ. ಫೋಟೋ ಕಳಿಸಿದ್ರು. ಬರೀ ಎಲಿ ಬರತೈತಿ, ಹೂವ ಬಿಡವಲ್ದು ಅಂತಿದ್ರು."

"ಅಂದ್ರ ಅವರಿಗೆ ಹೇಳಬ್ಯಾಡ್ರಿ! ಎಲಿ ಅವರ ಹತ್ರ ಐತಿ, ಹೂ ಸಿಕ್ರ ನಾಳೆ ಅವರೇ ಹೆಸರಿಡತಾರ."

ಜೈನುದ್ದೀನ ಏಳಲು ಹೋಗಿ ಮತ್ತೆ ಕೂತರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಿಸಿಲಿನ ಬೆವರಲ್ಲ, ತಣ್ಣಗಿತ್ತು. ಎಡಗೈ ಹಿಡಿದುಕೊಂಡಿದ್ದರು. ರಾಜಶ್ರೀಯ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕೂಗಿದಳು. ಸೋಮನಿಂಗ ರೊಟ್ಟಿ ಬಿಟ್ಟು ಓಡಿ ಬಂದು, ಅವರನ್ನು ಹೆಗಲಿಗೆ ಹಾಕಿಕೊಂಡು ಇಳಿಸಿ, ಕಾರಿನಲ್ಲಿ ಕೂರಿಸಿದ. "ಇಂಡಿಗೆ ಹೊಡಿ ತಂಗೀ. ಮಡ್ಡಿ ಇವತ್ತ ಮುಟ್ಟೂದಿಲ್ಲ, ಹೋಗು," ಎಂದ.

ಗುಳಿಗೆ ನಾಲಗೆಯ ಕೆಳಗೆ ಇಟ್ಟಾಗಿತ್ತು. ಹೆದ್ದಾರಿ ದಾಟುವಲ್ಲಿ ಗರಸಿನ ಲಾರಿಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ರಾಜಶ್ರೀ ಕಿಟಕಿಯಿಂದ ಕೈ ಹೊರಗೆ ಹಾಕಿ ಕಿರುಚುತ್ತಿದ್ದಳು. ಒಬ್ಬ ಹಿಂದೆ ಸರಿದರೆ ಇನ್ನೊಬ್ಬ ಮುಂದೆ ನುಗ್ಗುತ್ತಿದ್ದ. ಪಕ್ಕದಲ್ಲಿ ಜೈನುದ್ದೀನ ಫೋನು ತೆಗೆದಿದ್ದರು. ಮನೆಗೆ ಮಾಡುತ್ತಿರಬೇಕು ಎಂದುಕೊಂಡಳು.

"ಸುಧೀರ ಸರ್ ಏನ್ರಿ? ನಿಮ್ಮ ಕುಂಡ್ಯಾಗಿನ ಗಿಡದ ಹೂ ನಮ್ಮ ಕಡೆ ಐತಿ."

ಆಚೆಯ ದನಿ ಕಾರಿನೊಳಗೂ ಕೇಳಿಸಿತು. "ಏನಂತೀರಿ? ಎಲ್ಲೈತ್ರಿ?"

"ಝಳಕಿ ಮಡ್ಡಿ ಮ್ಯಾಲ. ಜೆಸಿಬಿ ಹಚ್ಯಾರ, ಇವತ್ತ ಬರ್ರಿ." ಉಸಿರು ಹಿಡಿದುಕೊಂಡರು. "ನಾವು ಎಲಿ ತಪ್ಪು ಹಚ್ಚಿದ್ವಿ."

"ಮತ್ತ ನಿಮ್ಮ ಪೇಪರ್? ಅಚ್ಚಿಗೆ ಹೋಗೇತಿ ಅಂತ ಕೇಳಿದ್ದೆ..."

ಜೈನುದ್ದೀನ ಫೋನನ್ನು ಕಿವಿಯಿಂದ ತೆಗೆದರು. "ಅದನ್ನ ಹೇಳಾಕಿ ನೀನು. ಗಿಡಾ ಕಂಡಾಕಿ ನೀನು," ಎಂದರು. ಸ್ಟೇರಿಂಗ್ ಹಿಡಿದಿದ್ದ ಅವಳ ಎಡಗೈಯನ್ನು ಬಿಡಿಸಿ, ಫೋನನ್ನು ಅದರಲ್ಲಿಟ್ಟು, ಬೆರಳುಗಳನ್ನು ಮಡಿಸಿದರು.