ಹುಚ್ಚೆಳ್ಳೆಣ್ಣೆ ಕುಡಿದ ಕೋವಿ

ಮದುವೆಯಾಗಿ ತಮಿಳುನಾಡಿಗೆ ಸೇರಿದ ಕೆಲಮಂಗಲದ ಹತ್ತಿರದ ಹಳ್ಳಿಗೆ ಬಂದಾಗ ನನಗೆ ಗೊತ್ತಿದ್ದ ಯಂತ್ರ ಒಂದೇ, ತವರಿನಿಂದ ತಂದ ಹೊಲಿಗೆ ಮಿಷನ್ನು. ಆ ವಿದ್ಯೆ ಕೋವಿ ರಿಪೇರಿಗೆ ಬರುತ್ತದೆಂದು ಯಾರು ಕಂಡಿದ್ದರು? ಎಂಬತ್ತನೇ ಇಸವಿಯ ಆಸುಪಾಸಿನ ಮಾತು.

ಕೋವಿ ತೀರಿಹೋದ ಮಾವನವರದು. ಒಂಟಿ ನಳಿಗೆ, ಅದೂ ಕಿರುಬೆರಳಿನ ತುದಿ ತೂರುವಷ್ಟು ಸಣ್ಣದು. ಊರವರು ಅದನ್ನು ಊದುಗೊಳವೆ ಅನ್ನುತ್ತಿದ್ದರು. ಅದರಲ್ಲಿ ಹೊಡೆದರೆ ಹಂದಿ ಬೀಳುವುದಿಲ್ಲ, ಮೈ ತುರಿಸಿಕೊಂಡು ಹೋಗುತ್ತದೆ ಎಂದು ಗೇಲಿ ಬೇರೆ. ಮಾವನವರಿಗೂ ಹಂದಿ ಬೀಳಿಸುವ ಹಟವೇನಿರಲಿಲ್ಲವಂತೆ, ಕಡಲೆಕಾಯಿ ಹೊಲ ಬಿಟ್ಟು ಓಡಿದರೆ ಸಾಕಿತ್ತು. ಅವರು ಹೋದ ಮೇಲೆ ಲೈಸೆನ್ಸು ಅತ್ತೆಯ ಹೆಸರಿಗೆ ಬಂತು, ಕೋವಿ ಅಟ್ಟ ಸೇರಿತು.

ಒಂದು ದಿನ ಊರಿಗೆ ಸರ್ಕಾರಿ ಸುದ್ದಿ ತರುವ ತಲೆಯಾರಿ ಬಾಗಿಲಲ್ಲಿ ನಿಂತು ಅರ್ಧ ತಮಿಳಿನಲ್ಲಿ ಹೇಳಿದ: "ಅಮ್ಮಾ, ಬರೋ ವಾರ ತುಪಾಕಿ ಎಲ್ಲಾ ಸ್ಟೇಷನ್‌ಗೆ ತಂದು ತೋರಿಸ್ಬೇಕಂತೆ. ವೇಲೆ ಸೆಯ್ಯದ್ದನ್ನ ಅಲ್ಲೇ ಮಡಿಕ್ಕೊಂತಾರಂತೆ."

ಕೆಲಸ ಮಾಡದ ಕೋವಿ ಠಾಣೆ ಪಾಲು. ಅತ್ತೆಯ ಮುಖ ಸಪ್ಪಗಾಯಿತು. ಹೊಸೂರಿನ ಫ್ಯಾಕ್ಟರಿಯಿಂದ ಬಂದ ನನ್ನ ಗಂಡ ಸಲೀಸಾಗಿ, "ಹೋದ್ರೆ ಹೋಗ್ಲಿ ಬುಡಮ್ಮೋ. ಈಗ ಅದ್ರಲ್ಲಿ ಯಾರು ಹೊಡೀತಾರೆ?" ಅಂದರು.

"ನಿಮ್ಮಪ್ಪಂದು ಈ ಮನೇಲಿ ಇನ್ನೇನ್ಲಾ ಉಳ್ದೈತೆ? ಅದನ್ನೂ ಕೊಟ್ಬುಟ್ಟು ಬತ್ತೀಯಾ?" ಅಂದರು ಅತ್ತೆ. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ. ಹೀಗಾಗಿ ಭಾನುವಾರ ಕೋವಿ ಅಟ್ಟದಿಂದ ಇಳಿಯಿತು.

ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಒಳಗೆ ತೋಟಾ ಇದೆಯೇ ನೋಡೋಣವೆಂದರೆ ಕೋವಿ ತೆರೆಯಲೇ ಇಲ್ಲ. ತೋಟಾಕ್ಕೆ ಏಟು ಕೊಡುವ, ಕುದುರೆ ಎನ್ನುವ ಕೊಕ್ಕೆಯಂತೂ ಮಲಗಿದಲ್ಲಿಂದ ಏಳದು. ಸಂದುಗಳಲ್ಲೆಲ್ಲ ಕಂದು ಬಣ್ಣದ ಅಂಟು. ಉಗುರಿನಿಂದ ಕೆರೆದು ಮೂಸಿದೆ. ಬಾಂಡಲಿಯ ಹೊರಮೈಗೆ ಹಿಡಿಯುವ ಅದೇ ಜಿಡ್ಡು, ಹುಚ್ಚೆಳ್ಳೆಣ್ಣೆ!

"ಆಯುಧಪೂಜೆ ಬಂದಾಗೆಲ್ಲ ನಾನೇ ಹಚ್ಚೋದು. ಮಕ್ಕಳಿಗೆ ಎಣ್ಣೆ ಹಚ್ದಂಗೆ, ಸಂದಿ ಸಂದೀಗೂ," ಅಂದರು ಅತ್ತೆ, ಹೆಮ್ಮೆಯಿಂದ.

ಗಂಡನ ಬಾಯಿಂದ ನಗು ಹೊರಡುವಷ್ಟರಲ್ಲಿ ನಾನು ಚಿವುಟಿದೆ. ನಮ್ಮ ಕಡೆ ಪಲ್ಯಕ್ಕೂ ಹುಚ್ಚೆಳ್ಳೆಣ್ಣೆ, ಬಾಗಿಲಿಗೂ ಅದೇ. ಮರಕ್ಕೆ ಒಳ್ಳೆಯದು, ಒಣಗಿ ಹೊಳಪು ಕೊಡುತ್ತದೆ. ಆದರೆ ಕಬ್ಬಿಣದ ಸಂದಿನಲ್ಲಿ ಒಣಗಿದರೆ ಗೋಂದು. ಅತಿಯಾದರೆ ಅಮೃತವೂ ವಿಷವೆಂದು ಅತ್ತೆಗೆ ಹೇಳುವ ಧೈರ್ಯ ಯಾವ ಸೊಸೆಗಿದೆ?

"ಎಣ್ಣೆ ಮರಕ್ಕೆ ಚೆನ್ನಾಗಿ ಹಿಡ್ದೈತೆ ಅತ್ತೆ. ಕಬ್ಣಕ್ಕೆ ಮಾತ್ರ ಒಸಿ ಜಾಸ್ತಿ ಆಗೈತೆ," ಅಂದೆ.

ಅವರು ದಡ್ಡರಲ್ಲ. "ಹಂಗಾದ್ರೆ ಅದರ ಬಾಯಿ ಕಟ್ಟಾಕಿದ್ದು ನಾನೇ ಅನ್ನು," ಎಂದು ಕುಸಿದು ಕೂತರು. ನನಗೆ ಸಂಕಟವಾಯಿತು. ಆದರೆ ಅತ್ತೆ ಬಹಳ ಹೊತ್ತು ಕೂರುವ ಜಾತಿಯಲ್ಲ. ದೀಪಕ್ಕೆ ಒಂದು ಹನಿ ಜಾಸ್ತಿ ಬಿದ್ದರೂ ಬಯ್ಯುವ ಆ ಹೆಂಗಸು ರೇಷನ್ ಸೀಮೆಎಣ್ಣೆಯ ಬಾಟ್ಲಿಯನ್ನೇ ತಂದು ಸುರಿದರು.

ನೆನೆಸಿದೆವು, ತೆಂಗಿನ ನಾರಿನಲ್ಲಿ ತಿಕ್ಕಿದೆವು, ಮತ್ತೆ ನೆನೆಸಿದೆವು. ಮಿಷನ್ನಿನ ತಿರುಪುಳಿಯಿಂದ ಗಂಡ ತಿರುಪು ಬಿಚ್ಚಿದರು, ನಾನು ದಬ್ಬಳದಿಂದ ಅಂಟು ಕೆರೆದೆ. ಕೊನೆಗೆ ಕೋವಿ ತೆರೆಯಿತು, ತೋಟಾ ಇರಲಿಲ್ಲ. ಮಾವನವರ ಹಳೆಯ ಪಂಚೆ ಹರಿದು ಸಣ್ಣ ಬಿದಿರಕಡ್ಡಿಗೆ ಸುತ್ತಿ ನಳಿಗೆಯೊಳಗೆ ಎಳೆದಾಡಿದೆವು. ಆಮೇಲೆ ಸಂದು ಸಂದಿಗೂ ಮಿಷನ್ ಎಣ್ಣೆ, ಹನಿ ಲೆಕ್ಕದಲ್ಲಿ. ಟಕ್ಕೆಂದು ಕುದುರೆ ಎದ್ದಾಗ ಅತ್ತೆ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. ಕೈಯೆಲ್ಲ ಸೀಮೆಎಣ್ಣೆ.

ಠಾಣೆಯವರು ಅದನ್ನು ನೋಡಿ ವಾಪಸ್ಸು ಕೊಟ್ಟರೆಂದು ಈಗಲೇ ಹೇಳಿಬಿಡುತ್ತೇನೆ. ನನಗೆ ನೆನಪಿರುವುದು ಅದರ ಹಿಂದಿನ ಸಂಜೆ. ಗಂಡ ಹೊಸ ತೋಟಾ ತಂದಿದ್ದರು. ಪರೀಕ್ಷೆ ಮಾಡಲು ಹೊಲಕ್ಕೆ ಹೊರಟೆವು. ಅತ್ತೆ ಬರಲಿಲ್ಲ. "ನೀವೋಗಿ ಬನ್ನಿ. ನಂಗೆ ಇಲ್ಲಿಗೇ ಕೇಳ್ತದೆ," ಅಂದರು. ಗಂಡ ಬದುವಿನ ಮೇಲೆ ನಿಂತು, ಬಯಲ ಕಡೆ ಗುರಿ ಹಿಡಿದು, ಹೊಡೆಯುವಾಗ ಕಣ್ಣು ಮುಚ್ಚಿಕೊಂಡರು. ಊದುಗೊಳವೆಯ ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ನಾವಿಬ್ಬರೂ ಮಕ್ಕಳಂತೆ ಕುಣಿದೆವು.

ಮನೆಗೆ ಬಂದರೆ ಅತ್ತೆ ಒಲೆಯ ಮುಂದಿದ್ದರು. ಮುದ್ದೆಯ ಎಸರು ಕೊತಕೊತ ಕುದಿಯುತ್ತಿತ್ತು.

"ಇಷ್ಟು ಬೇಗ ಯಾಕತ್ತೆ?"

"ಸದ್ದು ಕೇಳ್ತಲ್ಲಮ್ಮ. ನಿಮ್ಮಾವ ಹೊಲ ಬುಟ್ಟು ಹೊರಡೋವಾಗ ಒಂದು ಏಟು ಹೊಡಿಯೋರು. ಅದು ಕೇಳ್ದೇಟ್ಗೆ ನಾನು ಎಸರಿಡೋದು. ಇವತ್ತೂ ಕೈ ತಾನಾಗೇ ಇಟ್ಬುಡ್ತು."

ಗಂಡ ಕೋವಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ನನಗೆ ಅಳು ಬಂತು, ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡೆ.

ಊಟಕ್ಕೆ ಕೂತಾಗ ನೋಡಿದರೆ ಮೂವರಿಗೆ ನಾಲ್ಕು ಮುದ್ದೆ. ಉಳಿದ ಒಂದರ ಮೇಲೆ ಅತ್ತೆಯ ಕಣ್ಣು ಬಿತ್ತು. ಆಮೇಲೆ ಎತ್ತಿ ನನ್ನ ತಟ್ಟೆಗೆ ಹಾಕಿದರು.

"ತಿನ್ನಮ್ಮ. ಕೋವಿ ತಿಕ್ಕೀ ತಿಕ್ಕೀ ಸಣ್ಣಗಾಗಿದ್ದೀಯ."